ದುಂಡು ತುಂಡುಗಳ ಕೌದಿ

ನನ್ನ ಹೆಂಡತಿಯ ಬಲಗೈ ಮಣಿಕಟ್ಟು ಮುರಿದದ್ದು ಒಂದು ಸೋಮವಾರ ಬೆಳಿಗ್ಗೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿ ತರಲು ಒಳಗೆ ತಿರುಗಿದವಳು ಒದ್ದೆ ಮೆಟ್ಟಿಲ ಮೇಲೆ ಜಾರಿದಳು. ನಾನು ಪೇಪರ್ ಬಿಸಾಕಿ ಓಡಿ ಬರುವಷ್ಟರಲ್ಲಿ ಎದ್ದು ಕೂತು ಮೆಟ್ಟಿಲಿಗೆ ಬೈಯುತ್ತಿದ್ದಳು. ಕೈ ನೋಡಿದರೆ ಸೊಟ್ಟಗಾಗಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ನೋಡಿದ ಡಾಕ್ಟರು ಆರು ವಾರ ಪ್ಲಾಸ್ಟರ್ ಅಂದರು.

"ಆರು ವಾರ ಮಿಷಿನ್ ಮುಟ್ಟೋ ಹಾಗಿಲ್ವಾ ಡಾಕ್ಟ್ರೇ?" ಅಂತ ಕೇಳಿದಳು ಇವಳು.

ಆ ಯುವಕ ಡಾಕ್ಟರು ಯಾವ ಮಿಷಿನ್ನು ಎಂದು ತಿಳಿಯದೆ ನನ್ನ ಮುಖ ನೋಡಿದರು. "ಹೊಲಿಗೆ ಮಿಷಿನ್ನು ಸಾರ್," ಅಂದೆ. ಅವರು ನಕ್ಕುಬಿಟ್ಟರು. ಇವಳು ನಗಲಿಲ್ಲ.

ಅವಳ ಸಂಕಟ ನನಗೆ ಗೊತ್ತಿತ್ತು. ಪ್ರೈಮರಿ ಶಾಲೆಯ ಟೀಚರ್ ಆಗಿ ರಿಟೈರ್ ಆದಮೇಲೆ ಅವಳು ಕೈಗೆತ್ತಿಕೊಂಡಿದ್ದ ದೊಡ್ಡ ಕೆಲಸ ಅಂದರೆ ಆ ಕೌದಿ. ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿ ಅವಳ ಅಮ್ಮ ಹಳೆ ಸೀರೆ, ಪಂಚೆ ಎಲ್ಲ ಚೌಕ ಚೌಕವಾಗಿ ಹರಿದು ಕೌದಿ ಹೊಲಿಯುತ್ತಿದ್ದರಂತೆ. ಇವಳಿಗೆ ಆ ನೆಟ್ಟಗಿನ ಚೌಕ ಸಾಕಾಗಿರಲಿಲ್ಲ. ಫೋನಿನಲ್ಲಿ ಯಾರೋ ಹೊಲಿದಿದ್ದ ದುಂಡು ತುಂಡುಗಳ ಹೊದಿಕೆ ನೋಡಿ ಮರುಳಾಗಿದ್ದಳು. ನನಗೆ ಅದನ್ನು ವಿವರಿಸಿದ್ದು ತಿಂಡಿ ತಟ್ಟೆಯ ಮುಂದೆ. ಚಪಾತಿಯನ್ನು ನಾಲ್ಕು ಮಡಿಕೆ ಮಾಡಿ ತೋರಿಸಿ, "ಇದು ಕಾಲು ಚಪಾತಿ. ಒಂದು ಮೂಲೆ ಕಚ್ಚಿಕೊಂಡಿರೋ ಬ್ರೆಡ್ಡಿಗೆ ಇದನ್ನ ತಂದು ಕೂರಿಸಿದ್ರೆ ಮತ್ತೆ ಚೌಕ ಆಗುತ್ತೆ. ಅಂಥ ನಾಲ್ಕು ಚೌಕ ಸೇರಿಸಿದ್ರೆ ಮಧ್ಯದಲ್ಲಿ ಪೂರ್ತಿ ಚಪಾತಿ," ಅಂದಿದ್ದಳು. ನಮ್ಮ ಮಂಚಕ್ಕೆ ಅಂಥ ತೊಂಬತ್ತು ಚೌಕ ಬೇಕಿತ್ತು. ಬೀಳುವ ಹೊತ್ತಿಗೆ ಹನ್ನೊಂದು ಮುಗಿದಿದ್ದವು.

ಮೊದಲ ನಾಲ್ಕು ದಿನ ಅವಳು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ರೂಮಿನಿಂದ ರೂಮಿಗೆ ಓಡಾಡಿದಳು. ಅಡುಗೆಮನೆಗೆ ಬಂದು ನನ್ನ ಒಗ್ಗರಣೆಯಲ್ಲಿ ತಪ್ಪು ಹುಡುಕಿದಳು. ನಾನು ಹೆಚ್ಚಿದ ಹುರುಳಿಕಾಯಿ ಉದ್ದವಾಯಿತು, ತೊಳೆದ ಪಾತ್ರೆ ಕವುಚಿ ಹಾಕಿಲ್ಲ. ಐದನೇ ದಿನ ತಡೆಯಲಾರದೆ, "ನಿನ್ನ ಕೌದಿ ನಾನೇ ಹೊಲೀತೀನಿ ಕಣೇ. ನೀನು ಕೂತ್ಕೊಂಡು ಹೇಳು," ಅಂದೆ.

"ನೀವಾ?" ಅಂದಳು.

"ಯಾಕೆ, ನಾನು ಮಾಡದೆ ಇರೋ ಕೆಲಸವಾ ಇದು?"

ಆ ಮಾತು ಆಡಿದ್ದಕ್ಕೆ ಕಾರಣವಿತ್ತು. ನಾನು ಮೂವತ್ತಾರು ವರ್ಷ ಎರಕದ ಕಾರ್ಖಾನೆಯೊಂದರಲ್ಲಿ ಮರದ ಮಾದರಿ ಮಾಡುತ್ತಿದ್ದವನು. ಕಬ್ಬಿಣದಲ್ಲಿ ಒಂದು ಗಾಲಿಯೋ ಪೈಪಿನ ತಿರುವೋ ಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರಿದಾಗ ಕುಗ್ಗುವುದರಿಂದ ಮರದ ಮಾದರಿಯನ್ನು ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು. ಆ 'ಸ್ವಲ್ಪ' ಎಷ್ಟು ಅನ್ನುವುದೇ ನಮ್ಮ ಕಸುಬು. ದುಂಡು ಗೆರೆ ನನಗೆ ಹೊಸದಲ್ಲ. ಬಟ್ಟೆಯೇನು ಮಹಾ ಅನ್ನಿಸಿತು.

ಅವಳು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡಿದ್ದ ಎರಡು ಅಳತೆ ತುಂಡುಗಳನ್ನು ತಂದುಕೊಂಡೆ. ಕಾಲು ಚಪಾತಿಯನ್ನು ಕಚ್ಚಿದ ಬ್ರೆಡ್ಡಿನ ಬಾಯಿಗೆ ಹಿಡಿದು ನೋಡಿದರೆ ಕೂರುವುದೇ ಇಲ್ಲ! ಚಪಾತಿ ಅರ್ಧ ಇಂಚಿನಷ್ಟು ದೊಡ್ಡದು. ಪಾಪ, ಅಂದಾಜಿನಲ್ಲಿ ಕತ್ತರಿಸಿ ತಪ್ಪು ಮಾಡಿದ್ದಾಳೆ ಅಂದುಕೊಂಡೆ. ಅವಳ ಮನಸ್ಸಿಗೆ ನೋವಾಗಬಾರದೆಂದು ಏನೂ ಹೇಳದೆ, ಮಹಡಿಯ ಮೇಲೆ ಕೂತು ತೆಳು ಪ್ಲೈವುಡ್ಡಿನಲ್ಲಿ ಹೊಸದಾಗಿ ಎರಡು ತುಂಡು ಮಾಡಿದೆ. ಒಂದಕ್ಕೊಂದು ಕೂದಲು ತೂರದಂತೆ ಕೂರುತ್ತಿದ್ದವು. ಅಂಚಿಗೆ ಉಪ್ಪುಕಾಗದ ಉಜ್ಜಿ, ವಾರ್ನಿಷ್ ಕೂಡ ಹೊಡೆದೆ.

ಅವಳು ಅದನ್ನು ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ಏನ್ರೀ ಇದು, ಬಟ್ಟೆ ಕತ್ತರಿಸೋಕಾ, ದೇವ್ರ ಮನೇಲಿ ಇಡೋಕಾ?" ಅಂದಳು. ಮುಖದಲ್ಲಿ ಏನೋ ಇತ್ತು. "ಹೂಂ, ಹೊಲೀರಿ," ಅಂತ ಎದುರು ಕುರ್ಚಿ ಎಳೆದುಕೊಂಡು ಕೂತಳು.

ಹೊಲಿದೆ. ಅರ್ಧ ಗಂಟೆ ಹಿಡಿಯಿತು. ದಾರ ಮೂರು ಸಲ ತುಂಡಾಯಿತು. ಕೊನೆಗೆ ಮಿಷಿನ್ನಿನಿಂದ ಹೊರಗೆ ಬಂದ ವಸ್ತು ಚೌಕವಾಗಿರಲಿಲ್ಲ. ಬಾಡಿದ ಎಲೆಯ ಹಾಗೆ ಒಂದು ಕಡೆ ಮುದುಡಿ, ಇನ್ನೊಂದು ಕಡೆ ಟೋಪಿಯಂತೆ ಉಬ್ಬಿಕೊಂಡಿತ್ತು. ಮೇಜಿನ ಮೇಲೆ ಅಂಗೈಯಿಂದ ಒತ್ತಿದೆ. ಕೈ ತೆಗೆದೊಡನೆ ಮತ್ತೆ ಎದ್ದಿತು.

ಇವಳಿಗೆ ನಗು ತಡೆಯಲಾಗಲಿಲ್ಲ. ಮುರಿದ ಕೈ ಅಲುಗಾಡಿ "ಅಯ್ಯೋ, ಅಯ್ಯೋ" ಅನ್ನುತ್ತಲೇ ನಕ್ಕಳು. "ಹೊಲಿಗೆ ಒಳಕ್ಕೆ ಬಟ್ಟೆ ಬೇಡ್ವೇನ್ರೀ? ಈ ಕಡೆ ಕಾಲಿಂಚು, ಆ ಕಡೆ ಕಾಲಿಂಚು ಅಂಚಲ್ಲೇ ಹೋಗುತ್ತೆ. ಅದಕ್ಕೇ ಅಲ್ವಾ ಚಪಾತಿ ದೊಡ್ಡದು ಮಾಡಿದ್ದು? ನೀವು ಎರಡೂ ಸಮ ಮಾಡ್ಬುಟ್ರಿ!"

ನಾನು ಪ್ಲೈವುಡ್ ತುಂಡುಗಳನ್ನು ಮತ್ತೆ ಒಂದಕ್ಕೊಂದು ಕೂರಿಸಿ ನೋಡಿದೆ. ಕಬ್ಬಿಣ ಕುಗ್ಗುತ್ತದೆಂದು ಅಷ್ಟು ವರ್ಷ ಲೆಕ್ಕ ಹಾಕಿದವನಿಗೆ ಬಟ್ಟೆ ಹೊಲಿಗೆಯೊಳಗೆ ಹೋಗುತ್ತದೆಂದು ಹೊಳೆದಿರಲಿಲ್ಲ.

"ಮೊದ್ಲೇ ಹೇಳಬಾರ್ದಿತ್ತಾ?" ಅಂದೆ.

"ಎಷ್ಟು ಚೆನ್ನಾಗಿ ಪಾಲಿಶ್ ಮಾಡಿದ್ರಿ. ಹೇಳೋಕೆ ಮನಸ್ಸು ಬರ್ಲಿಲ್ಲ."

ಮಾರನೆಯ ದಿನ ಅವಳ ರಟ್ಟಿನ ಅಳತೆಗೇ ಹೊಸ ಮಾದರಿ ಮಾಡಿದೆ. ಈ ಸಲ ವಾರ್ನಿಷ್ ಹೊಡೆಯಲಿಲ್ಲ. ತುಂಡುಗಳೇನೋ ಸರಿಯಾಗಿ ಬಂದವು, ಹೊಲಿಗೆ ಮಾತ್ರ ಸುಕ್ಕು ಬಿಡಲಿಲ್ಲ. ಒಂದು ಅಂಚು ಹೊರಕ್ಕೆ ಬಾಗಿದ್ದು, ಇನ್ನೊಂದು ಒಳಕ್ಕೆ ಬಾಗಿದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಬೆನ್ನು ತಿರುಗಿಸಿಕೊಂಡು ಕೂತವರ ಹಾಗೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದವು. ಅವಳು ಬಾಯಲ್ಲಿ ಹೇಳುತ್ತಿದ್ದಳು, ಆದರೆ ಅವಳಿಗೆ ಗೊತ್ತಿದ್ದದ್ದು ಬಾಯಲ್ಲಿರಲಿಲ್ಲ, ಬೆರಳಿನಲ್ಲಿತ್ತು. "ಹಾಗಲ್ಲ, ಸ್ವಲ್ಪ ಹೀಗೆ... ಅಯ್ಯೋ, ನನ್ನ ಕೈ ಇದ್ದಿದ್ರೆ ತೋರಿಸ್ತಿದ್ದೆ," ಅನ್ನುವಳು. ಪ್ಲಾಸ್ಟರಿನ ತುದಿಯಲ್ಲಿ ಅವಳ ಬೆರಳುಗಳು ಗಾಳಿಯಲ್ಲೇ ಬಟ್ಟೆ ತಿರುಗಿಸುತ್ತಿದ್ದವು.

ಕೊನೆಗೆ ಅವಳೇ ನನ್ನನ್ನು ಮಂಡಿ ಮೊಹಲ್ಲಾಕ್ಕೆ ಕಳಿಸಿದಳು. ನನ್ನ ಪ್ಯಾಂಟುಗಳನ್ನು ಹೊಲಿಯುವ ಟೈಲರ್ ಅಲ್ಲಿದ್ದಾರೆ. ನನಗಿಂತ ಹಿರಿಯರು. ಸಗಟು ಅಂಗಡಿಗಳ ನಡುವೆ ಬಾಗಿಲಷ್ಟೇ ಅಗಲದ ಅಂಗಡಿ. ಹೊರಗೆ ಗೂಡ್ಸ್ ಆಟೋದಿಂದ ಮೂಟೆ ಇಳಿಸುತ್ತಿದ್ದರೆ ಒಳಗೆ ಮಾತು ಕೇಳಿಸದು. ನನ್ನ ಸುಕ್ಕು ಚೌಕವನ್ನು ಅವರ ಮುಂದೆ ಇಟ್ಟೆ. ಕನ್ನಡಕ ಮೇಲೇರಿಸಿ ನೋಡಿದರು.

"ಇದೇನು ಸಾರ್, ಮಗೂಗೆ ಟೋಪಿನಾ?"

"ಅಲ್ಲ, ಕೌದಿ ತುಂಡು. ಇದು ಚಪ್ಪಟೆ ಇರಬೇಕು."

"ಅಮ್ಮಾವ್ರು ಮಾಡಿದ್ದಾ?" ಅವರ ದನಿಯಲ್ಲಿ ಮರ್ಯಾದೆಯ ಸಂಶಯ.

"ಅವಳ ಕೈ ಮುರಿದಿದೆ. ನಾನು ಮಾಡಿದ್ದು."

"ಅದೇ ನೋಡಿ!" ಅವರಿಗೆ ಸಮಾಧಾನವಾಯಿತು. ಅರ್ಧ ಹೊಲಿದ ಅಂಗಿಯೊಂದನ್ನು ಎಳೆದುಕೊಂಡು ತೋಳು ಸೇರುವ ಜಾಗ ತೋರಿಸಿದರು. "ತೋಳು ಕೂರ್ಸೋದೂ ಇದೇ ಕೆಲ್ಸ ಸಾರ್. ಎರಡೂ ಬಟ್ಟೆ ಅರ್ಧಕ್ಕೆ ಮಡಚಿ ಮಧ್ಯ ಗುರುತು ಮಾಡ್ಕೊಳಿ. ಮಧ್ಯಕ್ಕೆ ಮಧ್ಯ ಪಿನ್ನು, ಆಮೇಲೆ ಎರಡು ಕೊನೆಗೆ. ಒಳಗೆ ಬಾಗಿರೋ ಬಟ್ಟೆ ಮೇಲಿರ್ಬೇಕು. ಅದರ ಅಂಚಿಗೆ ಕತ್ತರೀಲಿ ಸಣ್ಣಗೆ ಕಚ್ಚು ಕೊಡಿ, ಆಗ ಅದು ಬಾಯಿ ಬಿಡುತ್ತೆ. ಹೊಲಿಯೋವಾಗ ಎಳೀಬೇಡಿ. ನೀವು ಎಳೆದ್ರೆ ಅದು ಮುನಿಸ್ಕೊಳ್ಳುತ್ತೆ. ಎರಡು ಹೊಲಿಗೆ ಹಾಕಿ, ನಿಲ್ಸಿ, ತಿರುಗ್ಸಿ. ಮತ್ತೆ ಎರಡು. ಅರ್ಜೆಂಟ್ ಬ್ಯಾಡ."

ಅವರೇ ಒಂದನ್ನು ಹೊಲಿದು ತೋರಿಸಿದರು. ದಪ್ಪ ಬೆರಳುಗಳು ಬಟ್ಟೆಯನ್ನು ಮುಟ್ಟಿಯೂ ಮುಟ್ಟದ ಹಾಗಿದ್ದವು. ಚೌಕ ಮೇಜಿನ ಮೇಲೆ ಕಾಗದದಂತೆ ಮಲಗಿತು. ಹೊರಡುವಾಗ ಒಂದು ಚೀಲ ತುಂಬ ಚೂರು ಬಟ್ಟೆಯನ್ನೂ ಕೊಟ್ಟರು.

ಆ ವಾರ ನಾಲ್ಕು ಚೌಕ ಸರಿಯಾಗಿ ಬಂದವು. ಅವುಗಳನ್ನು ನಾನು ಎಷ್ಟು ಸಲ ಎತ್ತಿ ನೋಡಿದೆನೋ ಲೆಕ್ಕವಿಲ್ಲ. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದಾಗಲೂ ತೋರಿಸಿದ್ದೆ. ಶನಿವಾರ ತರಕಾರಿ ತಂದು ಚೀಲ ಇಳಿಸಿ ನೋಡಿದರೆ, ಮಿಷಿನ್ ಪಕ್ಕದಲ್ಲಿ ನಾಲ್ಕು ಚೌಕದ ಬದಲು ಎಂಟು ಬಿಡಿ ತುಂಡು ಬಿದ್ದಿದ್ದವು. ಹೊಲಿಗೆಯೆಲ್ಲ ಬಿಚ್ಚಿತ್ತು. ಅವಳು ಎಡಗೈಯಲ್ಲಿ ಬ್ಲೇಡ್ ಹಿಡಿದು ಕೂತಿದ್ದಳು.

"ಏನಾಗಿತ್ತು ಇದಕ್ಕೆ?" ಅಂದೆ.

"ಸರಿ ಇರ್ಲಿಲ್ಲ."

"ಎಲ್ಲಿ ಸರಿ ಇರಲಿಲ್ಲ? ನಿನ್ನೆ ತಾನೆ ಚೆನ್ನಾಗಿದೆ ಅಂದೆ."

ಅವಳು ಬಿಚ್ಚಿದ ದಾರದ ಎಳೆಗಳನ್ನು ಆಯತೊಡಗಿದಳು. ನನಗೆ ಕೋಪ ಬಂತು. ಚಪ್ಪಲಿ ಮೆಟ್ಟಿಕೊಂಡು ಪಾರ್ಕಿಗೆ ಹೋಗಿ ಮೂರು ಸುತ್ತು ಹಾಕಿದೆ. ಇನ್ನು ಮೇಲೆ ಅದನ್ನು ಮುಟ್ಟುವುದಿಲ್ಲ ಅಂತ ಮೊದಲ ಸುತ್ತಿನಲ್ಲಿ ನಿರ್ಧರಿಸಿದೆ. ಮೂರನೆಯದರಲ್ಲಿ, ಎಡಗೈಯಲ್ಲಿ ಬ್ಲೇಡ್ ಹಿಡಿದು ನಾಲ್ಕು ಚೌಕ ಬಿಚ್ಚಲು ಅವಳಿಗೆ ಎಷ್ಟು ಹೊತ್ತು ಹಿಡಿದಿರಬಹುದು ಅನ್ನಿಸಿ ಮನೆಗೆ ಬಂದೆ.

ಅವಳು ಅದೇ ಜಾಗದಲ್ಲಿದ್ದಳು. ಕಣ್ಣು ಕೆಂಪಾಗಿತ್ತು. "ನಿಮ್ಮ ಹೊಲಿಗೆ ಸರಿಯಾಗೇ ಇತ್ತು ಕಣ್ರೀ," ಅಂದಳು. "ನನಗಿಂತ ಚೆನ್ನಾಗಿತ್ತು. ಅದಕ್ಕೇ ಹೊಟ್ಟೆ ಉರೀತು. ನಾನು ಕೈ ಕಟ್ಕೊಂಡು ಕೂತಿರೋದು, ನೀವು ಹೊಲಿಯೋದು. ಬಿಚ್ಬುಟ್ಟೆ."

ಇಷ್ಟು ನೇರವಾಗಿ ಹೇಳಿದ ಮೇಲೆ ಕೋಪಿಸಿಕೊಳ್ಳಲು ನನ್ನಲ್ಲಿ ಏನೂ ಉಳಿಯಲಿಲ್ಲ. ಎದುರು ಕೂತೆ. ಕಣ್ಣು ಮಿಷಿನ್ನಿನ ಪೆಡಲ್ಲಿನ ಮೇಲೆ ಬಿತ್ತು. ಅದು ಕಾಲಲ್ಲಿ ತುಳಿಯುವ ಹಳೆಯ ಮಿಷಿನ್ನು.

"ನಿನ್ನ ಕಾಲಿಗೇನೂ ಆಗಿಲ್ಲವಲ್ಲ," ಅಂದೆ.

ಅವಳು ತಲೆಯೆತ್ತಿದಳು.

ಊಟದ ಮೇಜಿನ ಬೆಂಚನ್ನು ತಂದು ಮಿಷಿನ್ನಿನ ಮುಂದೆ ಹಾಕಿದೆವು. ಬಲಗಡೆ ಅವಳು, ಎಡಗಡೆ ನಾನು. ಪೆಡಲ್ಲಿನ ಮೇಲೆ ಅವಳ ಪಾದ, ಸೂಜಿಯ ಹತ್ತಿರ ನನ್ನ ಬೆರಳು. ಅವಳು ಎಡಗೈಯಲ್ಲಿ ಚಕ್ರ ತಟ್ಟಿ ಓಡಿಸುವಳು. ಮೊದಲ ದಿನ ನಾನು "ನಿಲ್ಸು" ಅನ್ನುವುದಕ್ಕೂ ಅವಳು ನಿಲ್ಲಿಸುವುದಕ್ಕೂ ನಡುವೆ ನಾಲ್ಕು ಹೊಲಿಗೆ ಓಡಿಹೋಗುತ್ತಿದ್ದವು. "ಕೂಗ್ಬೇಡಿ, ನಾನೇನು ಬಸ್ ಡ್ರೈವರ್ರಾ?" ಅಂದಳು. ಎರಡು ಮೂರು ದಿನದಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಬೆರಳು ಬಟ್ಟೆ ತಿರುಗಿಸಲು ಎದ್ದರೆ ಅವಳ ಕಾಲು ನಿಲ್ಲುತ್ತಿತ್ತು. ಸುಕ್ಕು ಬರುವ ಮೊದಲೇ ಅವಳಿಗೆ ಕಾಣುತ್ತಿತ್ತು. "ಹೂಂ, ಕೆಳಗಿಂದು ಒಂಚೂರು ಬುಡಿ," ಅನ್ನುವಳು. ಬಿಟ್ಟರೆ ಸರಿಹೋಗುತ್ತಿತ್ತು.

ಹಾಗೆ ಬೆಳಿಗ್ಗೆ ತಿಂಡಿ ಆದಮೇಲೆ ಹನ್ನೊಂದರವರೆಗೆ ದಿನವೂ ಕೂತೆವು. ಅವಳು ಯಾವ ಬಟ್ಟೆ ಎಲ್ಲಿಯದೆಂದು ಹೇಳುತ್ತಿದ್ದಳು: ಇದು ಶಾಲೆಯ ವಾರ್ಷಿಕೋತ್ಸವಕ್ಕೆ ಉಟ್ಟ ಸೀರೆ, ಇದು ಮದುವೆಯಾದ ಹೊಸತರಲ್ಲಿ ನಾನು ತೊಡುತ್ತಿದ್ದ ಅಂಗಿ, ಕಂಕುಳಲ್ಲಿ ಹರಿದದ್ದು. ಆ ಮಿಷಿನ್ನು ಮನೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಅವಳು ಹೊಲಿಯುವಾಗ ನಾನು ಪಕ್ಕದಲ್ಲಿ ಕೂತದ್ದು ಅದೇ ಮೊದಲು. ನಾನು ಕಾರ್ಖಾನೆಯ ಕಥೆ ಹೇಳುತ್ತಿದ್ದೆ. ಬೇಸರವಾದಾಗ ಅವಳು ಪೆಡಲ್ ಜೋರಾಗಿ ತುಳಿಯುವಳು. ನಾನು ಬಾಯಿ ಮುಚ್ಚಿಕೊಂಡು ಸೂಜಿ ನೋಡಬೇಕಾಗುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದಾಗ ಐವತ್ತೆಂಟು ಚೌಕ ಆಗಿದ್ದವು. ಕೈ ಬೆಳ್ಳಗೆ, ಸಣ್ಣಗೆ ಆಗಿತ್ತು. ಮಣಿಕಟ್ಟು ಮಡಚಲು ಬರುತ್ತಿರಲಿಲ್ಲ. ಮೆತ್ತನೆಯ ಚೆಂಡು ಹಿಸುಕಿ ಅಂತ ಹೇಳಿಕೊಟ್ಟ ಫಿಸಿಯೋ ಹುಡುಗಿಯನ್ನು ಇವಳು, "ಬಟ್ಟೆ ತಿರುಗ್ಸಿದ್ರೆ ಆಗಲ್ವಾ?" ಅಂತ ಕೇಳಿ ಒಪ್ಪಿಸಿಯೇ ಬಂದಳು. ಮೊದಲು ಐದು ನಿಮಿಷ, ಆಮೇಲೆ ಹತ್ತು. ಒಂದು ದಿನ ಬೆಂಚಿನ ಎಡಕ್ಕೆ ಅವಳು ಕೂತಳು, ನನ್ನನ್ನು ಬಲಕ್ಕೆ ಕೂರಿಸಿ ಪೆಡಲ್ ತುಳಿಸಿದಳು. ಅವಳ ಮೊದಲ ಚೌಕದಲ್ಲಿ ಹೊಲಿಗೆ ಅಲ್ಲಲ್ಲಿ ನಡುಗಿತ್ತು. "ಬಿಚ್ಚಲಾ?" ಅಂತ ಅವಳೇ ಕೇಳಿ, ತಾನೇ ನಕ್ಕಳು.

ಅದಾದ ಮೇಲೆ ಹೊಲಿಗೆ ಅವಳದಾಯಿತು, ಕತ್ತರಿ ನನ್ನದಾಯಿತು. ಕತ್ತರಿಸುವುದು ನನಗೆ ನಿಜವಾಗಿ ಇಷ್ಟವಾಗಿತ್ತು. ಮಾದರಿಯ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಎತ್ತದೆ, ಬಟ್ಟೆಯನ್ನೇ ತಿರುಗಿಸುತ್ತಾ ಒಂದೇ ಉಸಿರಿಗೆ ದುಂಡಗೆ ಕತ್ತರಿಸಿದರೆ ಬರುವ ಆ 'ಸರ್' ಸದ್ದು ಬಹಳ ಚೆಂದ. ಆ ಸುಖಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಕತ್ತರಿಸಿಬಿಟ್ಟೆ. ತೊಂಬತ್ತು ಸಾಕಾಗಿದ್ದ ಕಡೆ ನೂರ ಎಂಟು ಜೋಡಿ ಆಗಿದ್ದವು. "ಮಂಚ ಉದ್ದ ಮಾಡ್ಸಿ ಈಗ," ಅಂದಳು. ಹೆಚ್ಚಾದವುಗಳಲ್ಲಿ ದಿಂಬಿನ ಕವರ್ ಆಯಿತು.

ಕೌದಿ ಮುಗಿದದ್ದು ಡಿಸೆಂಬರಿನ ಚಳಿ ಶುರುವಾದಾಗ. ಅಡಿಗೆ ಅವಳ ಎರಡು ಹಳೆಯ ನೂಲಿನ ಸೀರೆ ಹಾಕಿ, ಮೂರು ಪದರವನ್ನೂ ಕೈಹೊಲಿಗೆಯಲ್ಲಿ ಸೇರಿಸಿದೆವು. ಹೊದೆಯುವ ಮೊದಲು ಒಗೆಯಬೇಕು ಅಂದಳು. ಬಕೆಟ್ಟಿನಲ್ಲಿ ನೆನೆಸಿದರೆ ಟೈಲರ್ ಕೊಟ್ಟ ಚೂರಿನ ಕೆಂಪು ಬಣ್ಣ ಬಿಟ್ಟು ನೀರೆಲ್ಲ ದಾಳಿಂಬೆ ರಸದ ಹಾಗಾಯಿತು. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಾನು ಒಂದು ತುದಿ, ಅವಳು ಒಂದು ತುದಿ ಹಿಡಿದು, ಮಹಡಿಯ ಮೇಲೆ ಹಿಂಡಿ ಹಗ್ಗಕ್ಕೆ ಹರವಿದೆವು. ಕೆಂಪಿನ ಪಕ್ಕದ ಬಿಳಿ ತುಂಡುಗಳೆಲ್ಲ ತಿಳಿ ಗುಲಾಬಿಯಾಗಿದ್ದವು.

"ಹಾಳಾಯ್ತೇನ್ರೀ?" ಅಂದಳು.

ಬಿಸಿಲು ಬಟ್ಟೆಯ ಹಿಂದಿನಿಂದ ಬರುತ್ತಿತ್ತು. ನಾನು ಸ್ವಲ್ಪ ದೂರ ಹೋಗಿ ನಿಂತು ನೋಡಿದೆ. "ಇಲ್ಲಿ ಬಂದು ನೋಡು," ಅಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ನಿಂತಳು. ಬಹಳ ಹೊತ್ತು ನೋಡಿದಳು.

"ಗುಲಾಬಿ ಚೆನ್ನಾಗೇ ಇದೆ ಬುಡಿ," ಅಂದು ಕಾಫಿ ಇಡಲು ಕೆಳಗೆ ಹೋದಳು.