ಆಂಜಿನಪ್ಪನ ಹರಕೆ, ಮುನಿಗಂಗಮ್ಮನ ಕಾಲು

ಹೆಬ್ಬಾಳದ ಕೆರೆ ಹಿಂದೆ ಸೊಪ್ಪು ಬೆಳೆದು, ಮಂಕರಿಯಲ್ಲಿ ಹೊತ್ತು ಬೀದಿ ಬೀದಿ ಮಾರುತ್ತಿದ್ದ ಮುನಿಗಂಗಮ್ಮನಿಗೆ ನಡಿಗೆ ಹೊಸದಲ್ಲ. ಅವಳ ಗಂಡ ಆಂಜಿನಪ್ಪನೋ, ಪಕ್ಕದ ಹೊಲಕ್ಕೂ ಗಾಡಿ ಕಟ್ಟುವವನು. ಅಂಥವನು ಐವತ್ತೇಳನೇ ಇಸವಿಯಲ್ಲಿ ಎತ್ತು ಹೊಟ್ಟೆಯುಬ್ಬರಿಸಿ ಮಲಗಿದಾಗ, ಯಾರನ್ನೂ ಕೇಳದೆ ಹರಕೆ ಹೊತ್ತುಬಿಟ್ಟ: ಎತ್ತು ಎದ್ದರೆ ಗಂಡ ಹೆಂಡತಿ ಇಬ್ಬರೂ ನಡೆದೇ ತಿರುಪತಿಗೆ ಬರುತ್ತೇವೆ. ಮಾರನೆಯ ದಿನವೇ ಎತ್ತು ಎದ್ದು ಹುಲ್ಲಿಗೆ ಬಾಯಿ ಹಾಕಿತು.

“ನಿನ್ ಕಾಲು ನಿಂದು. ನನ್ ಕಾಲ್ನ ಯಾಕ್ ಸೇರಿಸ್ದೆ?” ಎಂದಳು ಮುನಿಗಂಗಮ್ಮ.

“ದೇವ್ರ ಇಸ್ಯ ಕಣಮ್ಮಿ, ಬಾಯ್ಮುಚ್ಚು.”

ಹೊರಡುವ ದಿನ ಹೊಸ ಮೆಟ್ಟು ಮೆಟ್ಟಿ ಬಂದ. ಹಳೆಯದೇ ಸಾಕೆಂದರೆ ಕೇಳಲಿಲ್ಲ. ಹಿತ್ತಾಳೆ ಬಿಂದಿಗೆ, ಎರಡು ಕಂಬಳಿ, ಮೂಟೆ ಹುರಿಹಿಟ್ಟು ಎಲ್ಲವನ್ನೂ ಕಟ್ಟಿಸಿದ. ಹೊತ್ತವಳು ಮುನಿಗಂಗಮ್ಮ. ಇಬ್ಬರೂ ಯಲಹಂಕದಿಂದ ಬಂದ ಹರಕೆಯವರ ಗುಂಪನ್ನು ಸೇರಿಕೊಂಡರು. ಗುಂಪಿನ ಹಿರಿಯಳು ಯಲ್ಲಮ್ಮ, “ಬೆಳಗ್ಗೇನೇ ಓಡ್ಬೇಡ ಕಣಪ್ಪ, ಸಂಜೆಗೂ ಕಾಲು ಬೇಕು,” ಎಂದಳು. “ನಂಗೊತ್ತು ಬಿಡಮ್ಮೋ,” ಎಂದು ಆಂಜಿನಪ್ಪ ಎಲ್ಲರನ್ನೂ ಹಿಂದೆ ಹಾಕಿ ದಾಪುಗಾಲಿಟ್ಟ. ಹೊಸಕೋಟೆಗೆ ಬರುವಷ್ಟರಲ್ಲಿ ಎರಡೂ ಹಿಮ್ಮಡಿ ಬೊಬ್ಬೆ ಎದ್ದಿದ್ದವು.

ಅಲ್ಲಿಂದ ಮುಂದೆ ಬರೀ ಗೋಳು. ಮರ ಕಂಡರೆ ಕೂರುತ್ತಿದ್ದ, ಕೂತರೆ ಏಳುತ್ತಿರಲಿಲ್ಲ. ಕೋಲಾರ ದಾಟಿದ ಮೇಲೆ ಒಳದಾರಿಯೆಂದು ಕರೆದೊಯ್ದು ಕುರುಚಲು ಕಾಡಲ್ಲಿ ಸುತ್ತಿಸಿದ. ಮುಳಬಾಗಿಲಿನ ಛತ್ರದಲ್ಲಿ ಮುನಿಗಂಗಮ್ಮನ ಸಹನೆ ಮುಗಿಯಿತು. ಬಿಂದಿಗೆ, ಕಂಬಳಿ, ಉಳಿದ ಹುರಿಹಿಟ್ಟು ಎಲ್ಲವನ್ನೂ ಛತ್ರದವರಿಗೇ ಕೊಟ್ಟುಬಿಟ್ಟಳು. ಆಂಜಿನಪ್ಪ ಮುಖ ಊದಿಸಿಕೊಂಡ.

ಪಲಮನೇರಿನಲ್ಲಿ “ನೀರು ಕುಡ್ಕೊಂಡ್ ಬತ್ತೀನಿ” ಎಂದು ಹೋದವನು ಬರಲೇ ಇಲ್ಲ. ಬಾವಿಗಳಲ್ಲೆಲ್ಲ ಇಣುಕಿ, ಅತ್ತು, ಹುಡುಕಿ ಸುಸ್ತಾದ ಮೇಲೆ ಟೀ ಅಂಗಡಿಯವನು ಹೇಳಿದ: “ಮೆಟ್ಟು ಕೈಲಿಡ್ಕೊಂಡಿದ್ರಲ್ಲ ಅವ್ರಾ? ಚಿತ್ತೂರು ಬಸ್ ಹತ್ತುದ್ರು.”

ಮುನಿಗಂಗಮ್ಮ ಬಾಯಿಗೆ ಬಂದದ್ದೆಲ್ಲ ಬೈದಳು. ಯಲ್ಲಮ್ಮ ಅವಳ ರಟ್ಟೆ ಹಿಡಿದು, “ಬಯ್ಕೊಂಡೇ ನಡಿ,” ಎಂದಳು. ಮೊಗಿಲಿ ಘಾಟಿನ ಇಳಿಜಾರಿನಲ್ಲಿ ಬೈಗುಳ ತಾನಾಗಿ ನಿಂತಿತು. ತಲೆ ಮೇಲೆ ಹೊರೆಯಿಲ್ಲ, ಹಿಂದೆ ನರಳುವವರಿಲ್ಲ, ಸೊಪ್ಪು ಬಾಡುವ ಅವಸರವಿಲ್ಲ. ಮದುವೆಯಾದ ಮೇಲೆ ಹೀಗೆ ಕೈಬೀಸಿ ನಡೆದದ್ದು ಇದೇ ಮೊದಲೆಂದು ತಿಳಿದಾಗ, ಖುಷಿಯ ಜೊತೆಗೇ ಇನ್ನಷ್ಟು ರೇಗಿತು.

ಬೆಟ್ಟದ ಬುಡದಲ್ಲಿ ಆಂಜಿನಪ್ಪ ಬೋಳುತಲೆಗೆ ಗಂಧ ಹಚ್ಚಿಕೊಂಡು ಕೂತಿದ್ದ. ಬಸ್ಸಿನಲ್ಲೇ ಬೆಟ್ಟ ಹತ್ತಿ, ಮುಡಿ ಕೊಟ್ಟು ಇಳಿದೂ ಆಗಿತ್ತು.

“ಯಾಕಮ್ಮಿ ಇಷ್ಟೊತ್ತು?” ಎಂದ.

ಮುನಿಗಂಗಮ್ಮ ಯಲ್ಲಮ್ಮನ ಜೊತೆ ಮೆಟ್ಟಿಲು ಹತ್ತಿದಳು.

ಊರಿಗೆ ಬಂದ ಮೇಲೆ ಆಂಜಿನಪ್ಪ ಅರಳಿಕಟ್ಟೆಯಲ್ಲಿ ಕೂತು, ದೂರದ ದಾರಿ ಹೇಗೆ ನಡೆಯಬೇಕೆಂದು ಕಂಡಕಂಡವರಿಗೆ ಬುದ್ಧಿ ಹೇಳತೊಡಗಿದ. ಕೇಳಿ ಕೇಳಿ ಮುನಿಗಂಗಮ್ಮ ಹಲ್ಲು ಕಚ್ಚಿದಳು. ಮರುವರ್ಷ ಯಲ್ಲಮ್ಮ ಹೊರಟಾಗ ತಾನೂ ಸೆರಗು ಸಿಕ್ಕಿಸಿದಳು.

“ಈಗ್ಯಾವ ಅರ್ಕೆ? ನಂಗೆ ಉಣ್ಣಾಕ್ ಯಾರಿಕ್ತಾರೆ?” ಎಂದ ಆಂಜಿನಪ್ಪ.

“ಇಟ್ಟು ಡಬ್ಬೀಲೈತೆ. ಮುದ್ದೆ ತೊಳ್ಸೋದ್ ಕಲ್ತ್ಕೋ,” ಎಂದು ಹೊಸ್ತಿಲು ದಾಟಿದಳು.