ಮೆಣಸಿನಕಾಯಿ ಮುಟ್ಟಿದ ಕೈ

ಶಾಲೆಯ ನೌಕರಿಯಿಂದ ನಿವೃತ್ತಳಾಗಿ ಎರಡು ವರ್ಷ ಮನೆಯಲ್ಲಿ ಕುಳಿತ ಮೇಲೆ, ಹಾಸಿಗೆ ಹಿಡಿದವರ ಸೇವೆ ಮಾಡುತ್ತೇನೆಂದು ಒಂದು ಸೇವಾ ಸಂಸ್ಥೆಗೆ ಹೆಸರು ಕೊಟ್ಟೆ. ಬ್ಯಾಡಗಿಯಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಹಬ್ಬಿತು. "ಅಕ್ಕೋರು ಪುಣ್ಯದ ಕೆಲಸ ಹಿಡದಾರ ನೋಡ್ರಿ" ಎಂದರು. ನಾನೂ ಸುಮ್ಮನೆ ನಕ್ಕೆ. ನನ್ನನ್ನು ಅಲ್ಲಿಗೆ ನೂಕಿದ್ದು ಹೆದರಿಕೆ ಎಂದು ಯಾರಿಗೂ ಹೇಳಲಿಲ್ಲ.

ನಮ್ಮವ್ವ ಲಕ್ವ ಹೊಡೆದು ರಾಣೆಬೆನ್ನೂರಿನ ತಮ್ಮನ ಮನೆಯಲ್ಲಿ ಎಂಟು ತಿಂಗಳು ಮಲಗಿದ್ದಳು. ಮಾತು ಹೋಗಿತ್ತು. ನಾನು ಪ್ರತಿ ರವಿವಾರ ಬಸ್ಸು ಹತ್ತಿ ಹೋಗಿ, ಕಾಲ ಬಳಿ ಕುಳಿತು, ಸಂಜೆ ಬಸ್ಸಿಗೆ ವಾಪಸ್ಸಾಗುತ್ತಿದ್ದೆ. ಅವಳ ಬೆನ್ನಿನ ಹುಣ್ಣನ್ನು ಒಮ್ಮೆಯೂ ನೋಡಲಿಲ್ಲ. ನೋಡುವ ಎದೆಗಾರಿಕೆ ಇರಲಿಲ್ಲ. ಈಗ ನನಗೂ ಬಿಪಿ ಇದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮೊದಲೇ, ಕೈಬೆರಳುಗಳನ್ನು ಮಡಚಿ ನೋಡುತ್ತೇನೆ. ಆಮೇಲೆ ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಅದು ಸರಿಯಾಗಿ ಹೊರಟರೆ ಎದ್ದು ಚಹಾಕ್ಕೆ ಇಡುತ್ತೇನೆ. ಇನ್ನೊಬ್ಬರ ಬೆನ್ನು ಒರೆಸಿದರೆ ನಾಳೆ ನನ್ನ ಬೆನ್ನು ಒರೆಸುವವರು ಯಾರಾದರೂ ಸಿಕ್ಕಾರು ಎಂದು ದೇವರ ಹತ್ತಿರ ಚೌಕಾಸಿಗೆ ಇಳಿದಿದ್ದೆ, ಅಷ್ಟೇ.

ಹಾವೇರಿಯಲ್ಲಿ ಎರಡು ದಿನ ತರಬೇತಿ ಕೊಟ್ಟರು. ಬಂದವರೆಲ್ಲ ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಯಾಕೆ ಬಂದಿರಿ ಎಂದು ಕೇಳಿದಾಗ ಒಬ್ಬರು "ಹೊತ್ತು ಹೋಗವಲ್ದರಿ" ಎಂದರು, ಇನ್ನೊಬ್ಬರು "ಮನ್ಯಾಗ ಕುಂತ್ರ ಬೈಸ್ಕೋಬೇಕಾಗ್ತದ" ಎಂದು ನಗಿಸಿದರು. ಆದರೆ ರೋಗಿಯ ಬದಲು ಮಂಚದ ಮೇಲೆ ಮಲಗಿಸಿದ್ದ ಬೊಂಬೆಯನ್ನು ಮಗ್ಗಲು ಮಾಡುವಾಗ ಯಾರೂ ನಗಲಿಲ್ಲ. ಎಲ್ಲರೂ ಆ ಬೊಂಬೆಯನ್ನು ನಾನು ನೋಡಿದ ಹಾಗೆಯೇ ನೋಡುತ್ತಿದ್ದರು.

ನನಗೆ ಒಪ್ಪಿಸಿದ ಮನೆ ನಮ್ಮದರಿಂದ ನಾಲ್ಕು ಓಣಿ ಆಚೆ, ಒಂದು ಮುಸ್ಲಿಂ ಕುಟುಂಬದ್ದು. ಹಿರಿಯಾಕೆ ಮೂವತ್ತು ವರ್ಷ ಮೆಣಸಿನಕಾಯಿ ಅಂಗಡಿಗಳಲ್ಲಿ ತೊಟ್ಟು ಮುರಿದು ಬದುಕಿದವಳು. ಲಕ್ವ ಹೊಡೆದು ಬಲಭಾಗ ಬಿದ್ದಿತ್ತು, ಮಾತು ನಿಂತಿತ್ತು. ಮಂಗಳವಾರ, ಶುಕ್ರವಾರ ನಾನು ಹೋದರೆ ಸೊಸೆಗೆ ಹೊರಗಿನ ಕೆಲಸ ಮುಗಿಸಿಕೊಂಡು ಬರಲು ಒಂದು ತಾಸು ಸಿಗುತ್ತಿತ್ತು. ಮಗ್ಗಲು ಮಾಡಿ, ಬಿಸಿನೀರಿನ ಬಟ್ಟೆಯಿಂದ ಬೆನ್ನು ಒರೆಸಿ, ಹುಣ್ಣಿನ ಸುತ್ತಲಿನ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುವುದು ನನ್ನ ಕೆಲಸ. ಪ್ರತಿ ಸಲ ಸೆರಗು ಸರಿಸುವ ಮೊದಲು ಒಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಬೇಸಿಗೆ ಬಂತು. ನಮ್ಮ ಮನೆಯಲ್ಲೂ ವರ್ಷದ ಖಾರದ ಪುಡಿಗೆ ಮೆಣಸಿನಕಾಯಿ ತಂದೆವು. ನಮ್ಮ ಕಾಯಿ ಬಣ್ಣಕ್ಕೆ, ಉರಿಗಲ್ಲ ಎಂಬ ಸೊಕ್ಕು ಬ್ಯಾಡಗಿಯವರಿಗೆಲ್ಲ ಇದೆ. ನನಗೆ ತುಸು ಹೆಚ್ಚು. ಪುಡಿ ಸಪ್ಪಗಾಗದಿರಲೆಂದು ಹೊರಗಿನ ಕಡುಖಾರದ ಜಗಳಗಂಟಿ ಕಾಯಿಯನ್ನೂ ಒಂದಿಷ್ಟು ಬೆರೆಸಿದ್ದೆ. ಬೆಳಗೆಲ್ಲ ತೊಟ್ಟು ಮುರಿದು, ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದು ಹೊರಟೆ. ಕೈ ಉರಿಯಲಿಲ್ಲ. ನಮ್ಮ ಕೈಗೆ ಅದು ಯಾವತ್ತು ಉರಿದಿದೆ?

ಆ ಮಂಗಳವಾರ ಎಣ್ಣೆ ಸವರುತ್ತಿದ್ದಂತೆ ಆಕೆಯ ಕಣ್ಣಿಂದ ನೀರು ಇಳಿಯಿತು. ಪಾಪ, ಇಷ್ಟು ಮಾಡಿದ್ದಕ್ಕೇ ಕಣ್ತುಂಬಿಕೊಂಡಳಲ್ಲ ಎಂದು ಇನ್ನೂ ಮೆತ್ತಗೆ, ಇನ್ನೂ ಹೆಚ್ಚು ಹೊತ್ತು ಸವರಿದೆ. ಮೆಣಸಿನಕಾಯಿ ಕೆಲಸ ವಾರವಿಡೀ ನಡೆಯಿತು. ಶುಕ್ರವಾರ ಆಕೆ ಗಂಟಲಲ್ಲಿ ಏನೋ ಸದ್ದು ಮಾಡಿ ಎಡಗೈಯಿಂದ ಹಾಸಿಗೆ ಬಡಿದಳು.

"ಇರ್ಲಿ ಬಿಡ್ರಿ, ಇದೇನ್ ದೊಡ್ಡ ಕೆಲಸ" ಎಂದೆ ನಾನು.

ಸಂಜೆ ಗೆಳತಿಗೆ ಫೋನು ಮಾಡಿ, ಒಂದು ಜೀವಕ್ಕೆ ಸಮಾಧಾನ ಕೊಟ್ಟೆ ಎಂದು ಹೇಳಿಕೊಂಡೆ.

ಮುಂದಿನ ಮಂಗಳವಾರ ಸೊಸೆ ನನ್ನನ್ನು ಬಾಗಿಲಲ್ಲೇ ತಡೆದಳು. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈ ಒಂದ್ಸಲ ಕೊಡ್ರಿ."

ಕೊಟ್ಟೆ. ಮೂಗಿಗೆ ಹಿಡಿದಳು.

"ಖಾರ ಐತ್ರಿ. ನೀವು ಹೋದಮ್ಯಾಲ ಅತ್ತಿ ಬೆನ್ನು ಕೆಂಪಗ ಆಗಿರ್ತಿತ್ತು. ಎಣ್ಣಿ ಕೆಟ್ಟೈತೇನೋ ಅನ್ಕೊಂಡಿದ್ದೆ."

"ಅವರಿಗೆ ಗೊತ್ತಾಗಿರಬೇಕಲಾ?"

"ಗೊತ್ತಾಗಲಾರ್ದ ಏನ್ರಿ? ಬರೇ ವಾಸನಿ ಮ್ಯಾಲ ಯಾವ ಕಾಯಿ ಅಂತ ಹೇಳತಿದ್ರು."

ಆಕೆಗೆ ಎಲ್ಲ ಗೊತ್ತಿತ್ತು. ನಾನು ಬೆರಳಿಟ್ಟ ಕ್ಷಣದಿಂದ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ, ಓಡಲು ಕಾಲಿರಲಿಲ್ಲ. ನಾನು ಅವಳ ಸಂಕಟವನ್ನು ನನ್ನ ಹೊಗಳಿಕೆ ಎಂದುಕೊಂಡು ಮನೆಗೆ ಒಯ್ದಿದ್ದೆ. ಒಳಗೆ ಹೋಗದೆ ತಿರುಗಿ ಬಂದೆ. ಎರಡು ದಿನ ಊಟ ಸೇರಲಿಲ್ಲ. ನಮ್ಮವ್ವನೂ ಆ ಎಂಟು ತಿಂಗಳಲ್ಲಿ ಎಷ್ಟೋ ಸಲ ಅತ್ತಿದ್ದಳು. ಮಗಳು ಬಂದ ಸಂತೋಷಕ್ಕೆ ಎಂದು ನಾವೆಲ್ಲ ಹೇಳುತ್ತಿದ್ದೆವು.

ಶುಕ್ರವಾರ ಅಂಜುತ್ತಲೇ ಹೋದೆ. ನನ್ನನ್ನು ನೋಡಿದ್ದೇ ಆಕೆ ಎಡಗೈಯಿಂದ ಚಾದರವನ್ನು ಕುತ್ತಿಗೆಯ ತನಕ ಎಳೆದುಕೊಂಡಳು. "ತಪ್ಪಾತ್ರಿ" ಎಂದು ಕೈಯನ್ನು ಆಕೆಯ ಮೂಗಿನ ಹತ್ತಿರ ಹಿಡಿದೆ. ಮೂರು ದಿನದಿಂದ ಮೆಣಸಿನಕಾಯಿ ಮುಟ್ಟಿರಲಿಲ್ಲ. ಆಕೆ ಮೂಸಿದಳು. ಆದರೂ ಚಾದರ ಬಿಡಲಿಲ್ಲ. ಅವತ್ತು ಸೊಸೆಯೇ ಬೆನ್ನು ಒರೆಸಿದಳು, ನಾನು ಬಟ್ಟೆ ಹಿಂಡಿ ಕೊಟ್ಟೆ. ಈಗಲೂ ವಾರಕ್ಕೆರಡು ಸಲ ಹೋಗಿ ಅಷ್ಟೇ ಮಾಡುತ್ತೇನೆ.

ಮೊನ್ನೆ ನನ್ನ ಸೊಸೆಯನ್ನು ಕೂರಿಸಿಕೊಂಡು ಹೇಳಿದೆ: "ನಾಳೆ ನಾ ಬಾಯಿ ಬಿದ್ದು ಮಲಗಿದಾಗ ಕಣ್ಣಾಗ ನೀರು ಬಂದ್ರ, ಖುಷಿ ಆಗ್ಯಾರ ಅಂತ ತಿಳೀಬ್ಯಾಡ. ಮೊದ್ಲ ನಿನ್ನ ಕೈ ನೋಡ್ಕೋ."

ಅವಳು ನಕ್ಕಳು. "ಅಯ್ಯ ಅತ್ತಿ, ನಾವೇನ್ ಅಷ್ಟು ಕೆಟ್ಟವ್ರೇನ್ರಿ?"

ನನಗೆ ನಗು ಬರಲಿಲ್ಲ. ಕೆಟ್ಟವರು ಬಂದಾರು ಎಂಬ ಹೆದರಿಕೆ ನನಗಿಲ್ಲ. ನನ್ನಂಥವಳೇ ಒಬ್ಬಳು ಎಣ್ಣೆ ಬಾಟಲಿ ಹಿಡಿದು ಬಂದಾಳು ಎಂದು ಹೆದರುತ್ತೇನೆ.