ಸ್ಮಾರ್ಟ್ ಬೋರ್ಡಿಗೊಂದು ಅಬ್ಬಲಿಗೆ ಮಾಲೆ

ಕಣ್ಣು ಬಿಟ್ಟರೆ ಸಾಕು, ಇಡೀ ತರಗತಿ ಸುಮ್ಮನಾಗುತ್ತದೆ. ಅಂಥ ನಾನು ಗೋಡೆಯ ಮೇಲಿನ ಒಂದು ಗಾಜಿನ ಹಲಗೆಗೆ ಹೆದರುತ್ತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಹಳೆಯ ಕರಿಹಲಗೆ ಎಷ್ಟು ಮರ್ಯಾದಸ್ಥ! ಬರೆದದ್ದನ್ನು ಬರೆದ ಹಾಗೇ ಇಟ್ಟುಕೊಳ್ಳುತ್ತಿತ್ತು. ಪಾಸ್‌ವರ್ಡ್ ತಪ್ಪೆಂದು ಮಕ್ಕಳೆದುರು ಮಾನ ಕಳೆಯುತ್ತಿರಲಿಲ್ಲ.

ನಾನು ಕಾರವಾರದಿಂದ ದಿನವೂ ಬಸ್ಸು ಹತ್ತಿ ಬೆಳಂಬಾರದ ಕಡೆಯ ಒಂದು ಸಣ್ಣ ಶಾಲೆಗೆ ಹೋಗುವವಳು. ಈ ಭಾಗದಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಹಾಗೆ ಕರೆಸಿಕೊಂಡಾಗ ಸೊಂಟ ತಾನಾಗಿಯೇ ನೆಟ್ಟಗಾಗುತ್ತದೆ. ಯಾರೋ ಪುಣ್ಯಾತ್ಮರು ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಟ್ಟ ದಿನ ಮಾತ್ರ ಅದು ಮತ್ತೆ ಬಗ್ಗಿತು.

ಯೋಚಿಸಿದರೆ ನಗು ಬರುತ್ತದೆ. ಹಿಂದಿನವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಬೆರಳು ನೋಯುತ್ತದೆಂದೋ ಏನೋ, ತಾಳೆಗರಿ ಬಂತು, ಕಪ್ಪು ಬಳಿದ ಬಟ್ಟೆಯ ಕಡತ ಬಂತು, ಸ್ಲೇಟು ಬಂತು, ಸೀಮೆಸುಣ್ಣ ಬಂತು. ಇಷ್ಟೆಲ್ಲ ಸುತ್ತಾಡಿ ಬಂದ ಮೇಲೆ ಈಗ ಮತ್ತೆ ಬೆರಳಿನಿಂದಲೇ ತಿದ್ದಬೇಕಂತೆ. ಮರಳು ಮಾತ್ರ ತುಂಬ ತುಟ್ಟಿಯಾಗಿದೆ.

ಬೋರ್ಡಿಗೆ ಮುಸುಕು ಹೊದಿಸಿ ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಇಲಾಖೆಯ ಸಾಹೇಬರಿಂದ ಫೋನು ಬಂತು. ಸೋಮವಾರ ಬರುತ್ತಾರೆ, ಬೋರ್ಡಿನ ಮೇಲೆ ಒಂದು ಪಾಠ ನೋಡುತ್ತಾರೆ, ನಮಗೆ ಬಳಸಲು ಬಾರದಿದ್ದರೆ ಅದನ್ನು ದೊಡ್ಡ ಶಾಲೆಯೊಂದಕ್ಕೆ ಕೊಡಿಸುತ್ತಾರೆ. ನನಗೇನೋ ಒಳಗೊಳಗೇ ಖುಷಿಯಾಯಿತು. ಆದರೆ ಸುದ್ದಿ ಕೇಳಿದ ಮಕ್ಕಳ ಮುಖ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ. ಸಂಕಟವಾಯಿತು. ಬೋರ್ಡ್ ಹೋದರೆ ನನ್ನ ಹೆದರಿಕೆಯಿಂದಲೇ ಹೋದಂತೆ.

ಸೋಮವಾರ ಬೆಳಿಗ್ಗೆ ಮುಸುಕು ತೆಗೆಯುವ ಹೊತ್ತಿಗೆ ಶಾಲಾ ಸಮಿತಿಯ ಅಧ್ಯಕ್ಷೆ ಸೋಮಕ್ಕ ಬಂದಳು. ಮೀನು ಮಾರಾಟ ಮುಗಿಸಿ, ಮಿಂದು, ತೆಂಗಿನಕಾಯಿ ಮತ್ತು ಒಂದು ಉದ್ದನೆಯ ಅಬ್ಬಲಿಗೆ, ಅಂದರೆ ಕನಕಾಂಬರದ, ಮಾಲೆ ಹಿಡಿದು ಬಂದಿದ್ದಳು.

"ಅಲ್ರಾ ಅಕ್ಕೋರೆ, ಯಾರಾದ್ರೂ ಪೂಜೆ ಮಾಡ್ದೆ ಹೊಸ ದೋಣಿ ನೀರಿಗೆ ಇಳಸ್ತಾರೇನ್ರಾ?"

ಇಳಿಸುವುದಿಲ್ಲ ಎಂದು ಒಪ್ಪಿಕೊಂಡೆ. ಸೋಮಕ್ಕ ಬೋರ್ಡಿಗೆ ಕುಂಕುಮ ಹಚ್ಚಿ, ಮೂಲೆಯಿಂದ ಮಾಲೆ ಇಳಿಬಿಟ್ಟಳು. ಮೊದಲ ಮೀನು ಸಿಗುವ ತನಕ ದೋಣಿಯ ಮಾಲೆ ತೆಗೆಯಬಾರದು ಎಂಬುದು ಅವಳ ಮನೆಯ ಪದ್ಧತಿಯಂತೆ. ಬೋರ್ಡಿಗೂ ಅದೇ ಕಾನೂನು ಎಂದಳು.

ಸಾಹೇಬರು ಬಂದರು. ಅವರು ಬೆವರುತ್ತಿದ್ದುದನ್ನು ನೋಡಿ ಫ್ಯಾನು ಹಾಕಿಸಿ, ದೇವರನ್ನು ನೆನೆದು ಭಾರತದ ನಕ್ಷೆ ತೆರೆದೆ. ತೆರೆದದ್ದೇ ತಡ, ಕಾಶ್ಮೀರದಿಂದ ಅರಬ್ಬಿ ಸಮುದ್ರಕ್ಕೆ ತಾನಾಗಿ ಒಂದು ಗೀಟು ಬಿತ್ತು. ನಕ್ಷೆ ಹೋಗಿ ಕಪ್ಪೆಯ ಜೀವನಚಕ್ರ ಬಂತು. ಕಪ್ಪೆ ಇನ್ನೂ ಗೊದಮೊಟ್ಟೆಯಾಗಿರುವಾಗಲೇ ಭಿನ್ನರಾಶಿ ಬಂತು.

"ಮೇಡಂ, ಬೋರ್ಡ್ ಮುಟ್ಟಬೇಡಿ" ಎಂದರು ಸಾಹೇಬರು.

"ನಾನು ಮುಟ್ಟಿಲ್ಲ ಸರ್" ಎಂದು ಎರಡೂ ಕೈ ಮೇಲೆತ್ತಿದೆ. ಸಿಕ್ಕಿಬಿದ್ದ ಕಳ್ಳಿಯಂತೆ ನಿಂತಿದ್ದೆ. ಏನಾಗಿದೆಯೆಂದು ನಿಜಕ್ಕೂ ತಿಳಿಯದೆ ಮಕ್ಕಳನ್ನೇ ಕೇಳಿದೆ: "ಎಂತ ಆಗಿದೆ, ನೋಡ್ರೋ."

ಅಬ್ಬಾ! ಯಾವತ್ತೂ ಕಿಟಕಿಯಾಚೆ ನೋಡುತ್ತಾ ಕೂರುವವರೂ ಎದ್ದು ಬಂದರು. ಒಬ್ಬ ಸ್ವಿಚ್ಚು ನೋಡಿದ, ಇನ್ನೊಬ್ಬ ಹಲ್ಲಿಯ ಮೇಲೆ ಅನುಮಾನ ಪಟ್ಟ. ಮತ್ತೊಬ್ಬ ಕುಂಕುಮ ಒರೆಸಿ ನೋಡಿದ, ಏನೂ ಆಗಲಿಲ್ಲ. ಕೊನೆಗೆ ಯಶೋದಾ ಎಂಬ ಹುಡುಗಿ ಕೂಗಿದಳು: "ಅಕ್ಕೋರೆ, ಫ್ಯಾನ್ ಬಂದ್ ಮಾಡಿ!"

ಬಂದ್ ಮಾಡಿದೆವು. ಬೋರ್ಡು ತೆಪ್ಪಗಾಯಿತು. ಹಾಕಿದೆವು, ಮತ್ತೆ ಕುಣಿಯಿತು. ಗಾಳಿಗೆ ತೂಗುತ್ತಿದ್ದ ಮಾಲೆಯ ತುದಿ ಗಾಜಿಗೆ ತಾಗುತ್ತಿತ್ತು. ಬೋರ್ಡು ಅದನ್ನು ಬೆರಳೆಂದೇ ತಿಳಿದು ವಿಧೇಯತೆಯಿಂದ ಪುಟ ತಿರುಗಿಸುತ್ತಿತ್ತು.

ಸಾಹೇಬರು ಮಾಲೆಗೆ ಕೈ ಹಾಕಿದರು. ಸೋಮಕ್ಕ ಅಡ್ಡ ನಿಂತಳು.

"ತಡೀರಾ ಸಾಹೇಬ್ರೆ. ಮಕ್ಳಿಗೆ ಇವತ್ತು ಏನಾದ್ರೂ ಸಿಕ್ತಾ, ಇಲ್ವಾ?"

ಸಾಹೇಬರು ಮಕ್ಕಳತ್ತ ನೋಡಿದರು. ಅವರೆಲ್ಲ ಕಾಗದ, ದಾರ, ಜಡೆಯ ತುದಿ ಹಿಡಿದು ಬೋರ್ಡನ್ನು ಮೋಸಗೊಳಿಸುವುದರಲ್ಲಿ ಮುಳುಗಿದ್ದರು. ಸಾಹೇಬರಿಗೆ ನಗು ಬಂತು. "ಸಿಕ್ಕಿತಮ್ಮ" ಎಂದರು.

"ಹಂಗಾರೆ ಅಡ್ಡಿಲ್ಲ" ಎಂದು ಸೋಮಕ್ಕ ತಾನೇ ಮಾಲೆ ತೆಗೆದು ಯಶೋದೆಗೆ ಮುಡಿಸಿದಳು. ಬೋರ್ಡು ನಮ್ಮಲ್ಲೇ ಉಳಿಯಿತು.

ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದೆ. ಇಷ್ಟು ವರ್ಷ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು. ಮಕ್ಕಳಿಗೂ ಅದು ಗೊತ್ತಿತ್ತು, ಅದಕ್ಕೇ ಆಕಳಿಸುತ್ತಿದ್ದರು.

ಈಗ ತರಗತಿ ತೂಕಡಿಸುತ್ತಿದೆ ಎನಿಸಿದಾಗಲೆಲ್ಲ ನಾನು ಬೋರ್ಡಿಗೆ ಗುಟ್ಟಾಗಿ ಏನಾದರೊಂದು ತಂಟೆ ಮಾಡಿಟ್ಟು, ಏನೂ ತಿಳಿಯದವಳಂತೆ ಕೈ ಮೇಲೆತ್ತಿ ನಿಲ್ಲುತ್ತೇನೆ. ಆಗಾಗ ಅಬ್ಬಲಿಗೆ ಮಾಲೆಯನ್ನೂ ಹಾಕುವುದುಂಟು. ಅಕ್ಕೋರಿಗೆ ಇತ್ತೀಚೆಗೆ ಭಕ್ತಿ ಹೆಚ್ಚಾಗಿದೆ ಎಂದು ಸೋಮಕ್ಕ ಮೀನು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.